ಬೇಸಾಯಗಾರನ ಮನೆಯಲ್ಲಿ ನಾನು ಕೇಳಿದ ಪ್ರಶ್ನೆ

ಕಳೆದ ಚಳಿಗಾಲದಲ್ಲಿ ನನ್ನ ಮೊಮ್ಮಗಳಿಗೆ ಕೂಡಿಬಂದಿದ್ದ ಸಂಬಂಧವನ್ನು ನಾನು ಒಂದು ಮಾತಿನಲ್ಲಿ ಕೆಡಿಸಿದೆ. ಬೇರೆಯವರ ಮೇಲೆ ಹೊರಿಸಲು ಏನೂ ಇಲ್ಲ. ಆಡಿದ್ದು ನನ್ನ ಬಾಯಿ.

ಮೊಮ್ಮಗಳು ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಹುಡುಗನ ಊರು ಅದೇ ತಾಲ್ಲೂಕಿನ ಮಧುರೆಯ ಹತ್ತಿರ. ನೆಂಟರ ಮದುವೆಯಲ್ಲಿ ಇಬ್ಬರೂ ನೋಡಿದ್ದರು, ಮಾತಾಡಿದ್ದರು, ಒಪ್ಪಿದ್ದರು. ಜಾತಕವೂ ಕೂಡಿತ್ತು. ಹಿರಿಯರು ಹೋಗಿ ಹುಡುಗನ ಮನೆ ನೋಡಿ ಬರುವ ಶಾಸ್ತ್ರ ಒಂದು ಉಳಿದಿತ್ತು. ಮಗ, ಸೊಸೆಯ ಜೊತೆ ನಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ.

ಜಗಲಿಯ ಮೇಲೆ ಕೂರಿಸಿ ಕಾಪಿ ಕೊಟ್ಟರು. ಹುಡುಗ ಆಗತಾನೇ ಹೊಲದಿಂದ ಬಂದಿದ್ದ. ನೀರಿನ ತೊಟ್ಟಿಯ ಹತ್ತಿರ ಮೊಣಕಾಲವರೆಗಿನ ಕೆಸರು ತೊಳೆದುಕೊಂಡು, ಮಡಚಿದ್ದ ಪ್ಯಾಂಟು ಇಳಿಬಿಟ್ಟು, ಬಂದು ನಮಸ್ಕಾರ ಮಾಡಿದ.

“ಏನ್ ಮಾಡ್ಕೊಂಡಿದೀಯಪ್ಪಾ?” ಎಂದೆ.

“ಬೇಸಾಯ ಮಾಡ್ತೀನಿ ತಾತ.”

“ಅದು ಸರಿ ಕಣಪ್ಪ. ಕೆಲ್ಸ ಏನು?”

ಹುಡುಗ ಅಪ್ಪನ ಕಡೆ ನೋಡಿದ. ಅವನ ಅಪ್ಪ ಲೋಟವನ್ನು ತುಟಿಯ ಹತ್ತಿರ ತಂದಿದ್ದವರು ಕುಡಿಯದೆ ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ತಾಯಿ ಮಾತ್ರ ನಗುನಗುತ್ತಲೇ ಕೇಳಿದರು:

“ಕೆಲ್ಸ ಇಲ್ದೋರ ಮನೆ ಕಾಪಿ ಹೆಂಗಿದೆ ಯಜಮಾನ್ರೇ? ಹಾಲು ನಮ್ದೇಯ.”

ನನ್ನ ಸೊಸೆ ನೆಲ ನೋಡಿದಳು. ನಾನು ಆಗಲೂ ತಿಳಿದುಕೊಳ್ಳಲಿಲ್ಲ. ಕಾಪಿ ಚೆನ್ನಾಗಿದೆ ಎಂದೆ. ಆ ವಾರವೇ ನಡುವೆ ಓಡಾಡುತ್ತಿದ್ದ ನೆಂಟ ಫೋನ್ ಮಾಡಿದ. “ಹುಡುಗನಿಗೆ ಕೆಲ್ಸ ಸಿಕ್ಕಿದ ಮೇಲೆ ತಿಳಿಸ್ತಾರಂತೆ” ಎಂದ. ಅಲ್ಲಿಗೆ ಮುಗಿಯಿತು.

ನಾನು ಯಾರು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹೈಸ್ಕೂಲು ಮುಗಿಸಿದ ಮೇಲೆ ಅರ್ಧ ಆಯಸ್ಸು ದೇವನಹಳ್ಳಿ ಕಡೆಯ ನಮ್ಮ ಜಮೀನಿನಲ್ಲೇ ಕಳೆದವನು ನಾನು. ರಾಗಿ ಬೆಳೆದಿದ್ದೇನೆ, ದ್ರಾಕ್ಷಿ ಹಾಕಿದ್ದೇನೆ, ಚಕ್ಕೋತದ ಗಿಡಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತಿದ್ದೇನೆ. ಆಮೇಲೆ ಸುತ್ತಲಿನ ಹೊಲಗಳಂತೆ ನಮ್ಮದೂ ಬಡಾವಣೆಯಾಯಿತು. ಉಳಿದ ಜಾಗದಲ್ಲಿ ಬಾಡಿಗೆಗೆ ಮನೆ ಕಟ್ಟಿಸಿದೆ. ಬಾಡಿಗೆಯವರ ಮಕ್ಕಳು ನನ್ನನ್ನು ‘ಓನರ್ ಅಂಕಲ್’ ಎನ್ನುತ್ತಾರೆ. ಹಾಗೆ ಕರೆಸಿಕೊಳ್ಳುವುದು ನನಗೆ ಹಿತವಾಗಿತ್ತು. ಒಬ್ಬರು ‘ಮೊದಲು ಏನು ಮಾಡ್ತಿದ್ರಿ ಸಾರ್’ ಎಂದು ಕೇಳಿದಾಗ ‘ಹಣ್ಣಿನ ಬಿಸಿನೆಸ್ಸು’ ಎಂದಿದ್ದೆ. ರೈತ ಎನ್ನಲು ನಾಲಿಗೆ ಏಳಲಿಲ್ಲ. ಹುಡುಗನನ್ನು ಕೇಳಿದ ಪ್ರಶ್ನೆ ಇದ್ದಕ್ಕಿದ್ದಂತೆ ಬಂದದ್ದಲ್ಲ. ಅದು ಅವತ್ತೇ ನನ್ನೊಳಗೆ ಮೊಳೆತಿತ್ತು.

ಮೊಮ್ಮಗಳು ಅಳಲಿಲ್ಲ, ಕೂಗಾಡಲಿಲ್ಲ. ನನ್ನ ತಟ್ಟೆಗೆ ಮುದ್ದೆ ಇಟ್ಟು ಎದುರಿಗೆ ಕೂತಳು.

“ತಾತ, ನಂಗೆ ಅವ್ರೇ ಬೇಕು. ಕೆಡ್ಸಿದ್ದು ನೀವು, ಸರಿ ಮಾಡೋದೂ ನೀವೇ. ಅಪ್ಪನ್ನ ಕಳಿಸ್ಬೇಡಿ.”

“ನಾನೇನು ಬೈದ್ನೇನಮ್ಮ?”

“ಬೈದಿದ್ರೆ ಪರ್ವಾಗಿರ್ಲಿಲ್ಲ.”

ನಮ್ಮೂರಲ್ಲಿ ನನ್ನ ಜೊತೆ ಓದಿದವನೊಬ್ಬ ಕನ್ನಡ ಮೇಷ್ಟರಾಗಿ ನಿವೃತ್ತನಾಗಿದ್ದಾನೆ. ಅವನ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿಕೊಂಡೆ. ರೈತ ಎಂಬ ಮಾತು ನನಗೇಕೆ ಹೀಗೆ ಕಚ್ಚುತ್ತದೆ ಎಂದು ಕೇಳಿದೆ. ಅವನು ದಪ್ಪ ನಿಘಂಟು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಅದು ನಮ್ಮ ಮಾತೇ ಅಲ್ಲ ಕಣೋ. ಅರಬ್ಬಿಯಿಂದ ಪಾರಸಿಗೆ ಬಂದು, ದೊರೆಗಳ ಕಚೇರಿ ಹಿಡ್ಕೊಂಡು ನಮ್ಮೂರಿಗೆ ಬಂತು. ರಯತ್ ಅಂದ್ರೆ ಪ್ರಜೆ. ಕಂದಾಯ ಕಟ್ಟೋನು. ಅದಕ್ಕೂ ಹಿಂದೆ, ಕಾಯೋನು ಮೇಯಿಸೋ ಮಂದೆ ಅಂತಿತ್ತು.”

“ಅಂದ್ರೆ ಕುರಿಗಳಾ?”

“ಹೂಂ ಕಣಲಾ. ನೀನು ಅದ್ರಲ್ಲಿ ಹಾಯೋ ಟಗರು. ಹುಡುಕ್ಕೊಂಡು ಹೋಗಿ ಹಾದ್ಬಿಟ್ಟೆ.”

ಅವನು ಹಾಳೆ ತಿರುವುತ್ತಾ ಹೋದ. ಒಕ್ಕಲು ಎಂದರೆ ಒಂದು ಕಡೆ ನೆಲೆನಿಂತ ಸಂಸಾರ. ಹೊಸ ಮನೆಗೆ ಹೋಗುವುದನ್ನು ನಾವು ಈಗಲೂ ಮನೆ ಒಕ್ಕಲು ಎನ್ನುತ್ತೇವೆ. ಕಣದಲ್ಲಿ ತೆನೆ ಒಕ್ಕುವುದರಿಂದ ಒಕ್ಕಲಿಗ ಬಂತು ಎನ್ನುವವರೂ ಇದ್ದಾರಂತೆ, ವಿದ್ವಾಂಸರಲ್ಲೇ ಒಮ್ಮತವಿಲ್ಲವಂತೆ. ಬೇಸಾಯ ಬಂದದ್ದು ವ್ಯವಸಾಯದಿಂದ. ಹಾಗೆಂದರೆ ಪ್ರಯತ್ನ, ಪಟ್ಟು ಹಿಡಿದು ಮಾಡುವ ದುಡಿಮೆ.

“ಹಂಗಾದ್ರೆ ಹುಡುಗ ಸರಿಯಾಗೇ ಹೇಳಿದ್ದ” ಎಂದೆ.

“ಹುಡುಗ ನಿಘಂಟು ನೋಡ್ಕೊಂಡು ಹೇಳ್ಲಿಲ್ಲ ಕಣೋ. ಇದನ್ನ ಓದ್ಕೊಂಡು ಅವರ ಮನೆಗೆ ಹೋಗಿ ಭಾಷಣ ಮಾಡ್ಬೇಡ. ಹೋಗಿ ತಪ್ಪಾಯ್ತು ಅನ್ನು.”

ಬಸ್ಸಿನಲ್ಲಿ ಹೋದೆ, ಒಬ್ಬನೇ. ದಾರಿಯುದ್ದಕ್ಕೂ ನಮ್ಮ ಕಾಲದ ಹೆಣ್ಣು ಕೊಡುವ ರೀತಿ ನೆನಪಾಗುತ್ತಿತ್ತು. ಹೆಣ್ಣಿನ ಕಡೆಯ ಹಿರಿಯರು ಮೊದಲು ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ತಿಪ್ಪೆ ನೋಡುತ್ತಿದ್ದರು. ತಿಪ್ಪೆ ದೊಡ್ಡದಿದ್ದರೆ ದನ ಇವೆ, ದನ ಇದ್ದರೆ ಮನೆಯಲ್ಲಿ ಮೈ ಬಗ್ಗಿಸುವವರು ಇದ್ದಾರೆ ಎಂದು ಲೆಕ್ಕ. ನನ್ನ ಮಾವ ಮದುವೆಗೆ ಮುಂಚೆ ನಮ್ಮ ತಿಪ್ಪೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಗೊಬ್ಬರ ತೆಗೆದು ಮೂಸಿ, ‘ಹೆಣ್ಣು ಕೊಡ್ತೀನಿ’ ಎಂದಿದ್ದರು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ಹಾಗಾಗಿ ಆ ಊರಲ್ಲಿ ಇಳಿದವನು ಅವರ ಬಾಗಿಲಿಗೆ ಹೋಗದೆ ಹಿತ್ತಲಿಗೆ ಸುತ್ತಿಕೊಂಡು ಹೋದೆ. ತಿಪ್ಪೆ ಎದೆಮಟ್ಟ ಇತ್ತು. ಅಂಗಿಯ ತೋಳು ಮಡಚಿ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಎಷ್ಟೋ ವರ್ಷಗಳ ಮೇಲೆ ನನ್ನ ಉಗುರುಗಳಲ್ಲಿ ಗೊಬ್ಬರ ಸೇರಿತು.

“ಯಾರದು ತಿಪ್ಪೆ ಹತ್ರ?” ಹುಡುಗನ ತಾಯಿ ಪೊರಕೆ ಹಿಡಿದೇ ಬಂದರು. ನನ್ನನ್ನು ಗುರುತಿಸಿ ನಿಂತರು.

“ಹೆಣ್ಣಿನ ಕಡೆಯೋನು ಕಣವ್ವ. ಮನೆ ನೋಡೋಕೆ ಬಂದೆ.”

“ಅವತ್ತೇ ನೋಡಿದ್ರಲ್ಲ.”

“ಅವತ್ತು ಜಗಲಿ ನೋಡ್ದೆ ಅಷ್ಟೇಯ.”

ಅವರು ಒಳಗೆ ತಿರುಗಿ “ಏನ್ರೀ, ಬನ್ನಿ ಇಲ್ಲಿ. ಬಾಡಿಗೆ ಮನೆ ಓನರ್ರು ಬಂದವ್ರೆ, ತಿಪ್ಪೆ ಕೆದಕ್ತಾ ಅವ್ರೆ” ಎಂದು ಕೂಗಿದರು. ಗಂಡ ಬಂದರು. ನನ್ನ ಕೈಯಲ್ಲಿದ್ದ ಗೊಬ್ಬರ ನೋಡಿದರು, ನನ್ನ ಮುಖ ನೋಡಿದರು. ನಾನು ಬಾಯಿಗೆ ಬಂದದ್ದು ಹೇಳಿದೆ:

“ಗೊಬ್ಬರ ಚೆನ್ನಾಗಿ ಕಳಿತಿದೆ. ಆದ್ರೆ ಈ ಮೂಲೇಲಿ ಒಸಿ ನೀರು ಹೆಚ್ಚಾಗಿದೆ.”

ಮತ್ತೆ ಕೆಡಿಸಿದೆ ಎಂದುಕೊಂಡೆ. ಅವರು ಹುಬ್ಬು ಗಂಟಿಕ್ಕಿ ಬಗ್ಗಿದರು, ತಾವೂ ಒಂದು ಹಿಡಿ ತೆಗೆದು ಹಿಂಡಿದರು. ಬೆರಳ ಸಂದಿಯಲ್ಲಿ ನೀರು ಒಸರಿತು. “ಹೌದು ಕಣ್ರೀ. ಕೊಟ್ಟಿಗೆ ತೊಳೆದ ನೀರು ಇತ್ಲಾಗೆ ಬರ್ತದೆ. ಹುಡುಗನಿಗೆ ಕಾಲುವೆ ತಿರುಗ್ಸು ಅಂದಿದ್ದೆ” ಎಂದರು. ಆಮೇಲೆ ನಾವಿಬ್ಬರೂ ಅಲ್ಲೇ ನಿಂತು ಗೊಬ್ಬರ, ಹಸು, ಅವರೆಗೆ ಬಿದ್ದ ಹುಳು, ಎಲ್ಲ ಮಾತಾಡಿದೆವು. ನಡುವೆ ನಾನು ಹೇಳಬೇಕಾದ್ದನ್ನು ಹೇಳಿದೆ: “ಅವತ್ತು ನಾನು ಕೇಳಿದ್ದು ತಪ್ಪು. ನಾನೂ ಮಣ್ಣಲ್ಲೇ ದುಡ್ದೋನು. ಅದನ್ನ ಮರೆಮಾಚ್ಕಂಡು ಬಂದಿದ್ದೆ. ಹೊಟ್ಟೆಗೆ ಹಾಕ್ಕಳಿ.”

ಅವರು ಕೈ ಒರೆಸಿಕೊಂಡರು. “ನನ್ನದೇನೂ ಇಲ್ಲ. ಅವನನ್ನ ಕೇಳಿ. ಅವತ್ತಿಂದ ಸರಿಯಾಗಿ ಉಣ್ತಾ ಇಲ್ಲ.”

ಹುಡುಗ ಅವರೆ ಹೊಲದಲ್ಲಿ ಕಾಯಿ ಬಿಡಿಸುತ್ತಿದ್ದ. ನಾನು ಬದುವಿನ ಮೇಲೆ ನಿಂತು ಅದೇ ಮಾತು ಮತ್ತೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಿರಲಿಲ್ಲ, ಅವನು ಚಿಕ್ಕವನು. ಕೇಳಿಸಿಕೊಂಡು ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದ.

“ನೀವು ಬಂದು ಹೇಳಿದ್ರಲ್ಲ, ಅಷ್ಟು ಸಾಕು ತಾತ. ಆದ್ರೆ ನಿಮ್ಮ ಮೊಮ್ಮಗಳೂ ಒಳಗೊಳಗೆ ಹಂಗೇ ಅಂದ್ಕೊಂಡಿದ್ರೆ? ಮದುವೆ ಆದ್ಮೇಲೆ ಗೊತ್ತಾದ್ರೆ ಇಬ್ರಿಗೂ ಕಷ್ಟ. ಒಂದ್ಸಲ ಅವ್ರೇ ಬಂದು ಹೊಲ ನೋಡ್ಲಿ.”

ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅವಳು ಚಪ್ಪಲಿ ಬಿಟ್ಟು ಬದುವಿಗಿಳಿದಳು. ನಾನೂ ಹಿಂದೆಯೇ ಹೊರಟೆ. ಹುಡುಗನ ತಾಯಿ ನನ್ನ ತೋಳು ಹಿಡಿದು ನಿಲ್ಲಿಸಿದರು.

“ನೀವಿಲ್ಲೇ ಕೂತ್ಕಳಿ ಯಜಮಾನ್ರೇ. ಅವರಿಬ್ರು ಮಾತಾಡ್ಲಿ. ನಿಮ್ಮ ಮಾತು ಆಯ್ತಲ್ಲ.”

ಹೊಂಗೆಯ ನೆರಳಲ್ಲಿ ಕೂತೆ. ಅವರು ನನ್ನ ಮುಂದೆ ಒಂದು ಮೊರ ಇಟ್ಟು, ಅದರ ತುಂಬ ಅವರೆಕಾಯಿ ಸುರಿದು, “ಸುಮ್ಕೆ ಕೂತ್ಕಂಡ್ರೆ ಹೊತ್ತು ಹೋಗಲ್ಲ, ಸುಲೀರಿ” ಎಂದು ತಾವೂ ಕೂತರು. ಸೊಗಡಿನ ಕಾಯಿ, ಕೈಯೆಲ್ಲ ಅಂಟು. ದೂರದಲ್ಲಿ ಮೊಮ್ಮಗಳು ಏನೋ ಕೇಳುತ್ತಿದ್ದಳು, ಹುಡುಗ ಬಗ್ಗಿ ಬಳ್ಳಿಯ ಬುಡ ಬಿಡಿಸಿ ತೋರಿಸುತ್ತಿದ್ದ. ಅವಳೂ ಬಗ್ಗಿದಳು. ಬೇರಿನ ಗಂಟು ಗಂಟುಗಳನ್ನು ಬೆರಳಲ್ಲಿ ಮುಟ್ಟಿ ಅವಳು ಪಾಠದ ಧಾಟಿಯಲ್ಲಿ ಏನೋ ವಿವರಿಸತೊಡಗಿದಾಗ, ಈ ಸಲ ಅವನು ಕೇಳುತ್ತಾ ನಿಂತ. ಬಹಳ ಹೊತ್ತು ಇಬ್ಬರೂ ತಲೆ ಎತ್ತಲಿಲ್ಲ.

ವಾಪಸು ಬಂದಾಗ ಅವಳ ಸೀರೆಯ ಅಂಚೆಲ್ಲ ಮಣ್ಣು. ನನ್ನ ಹತ್ತಿರ ಬರಲಿಲ್ಲ, ನೇರ ಹುಡುಗನ ತಾಯಿಯ ಪಕ್ಕ ಕೂತು ಮೊರಕ್ಕೆ ಕೈ ಹಾಕಿದಳು.

ಆ ತಾಯಿ ಅವಳನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

“ಸಂಕ್ರಾಂತಿ ಕಳೀಲಿ ಯಜಮಾನ್ರೇ. ತಾಂಬೂಲ ಬದಲಾಯಿಸ್ಕಳನ.”

ನಾನು ಹೂಂ ಎಂದೆ. ಬೇರೇನೂ ಸೇರಿಸಲಿಲ್ಲ.