ಆಚೆಮನೆ ಚಿಕ್ಕಿಯ ಹುಲ್ಲಿನ ಟ್ರಂಕು

ಕಳೆದ ವಾರ ಬ್ರಹ್ಮಾವರದ ತಂಗಿಯ ಮನೆಯಲ್ಲಿದ್ದೆ. ಅವಳ ಮಗಳು ಪಾಸ್ತಾ ಮಾಡುತ್ತಿದ್ದಳು. ನೀರು ಕುದಿದ ಮೇಲೆ ಪಾಸ್ತಾ ಹಾಕಿ, ಇನ್ನೊಮ್ಮೆ ಕುದಿ ಬಂದದ್ದೇ ಗ್ಯಾಸ್ ಆರಿಸಿದಳು. ಪಾತ್ರೆಗೆ ಬಿಗಿಯಾಗಿ ಮುಚ್ಚಳ ಹಾಕಿ, ಮೈ ಒರೆಸುವ ಹಳೆಯ ಬೈರಾಸು ಸುತ್ತಿಟ್ಟಳು. "ಇನ್ನ್ ಅದ್ರಷ್ಟಕ್ಕೆ ಅದ್ ಬೇಯತ್ತ್ ದೊಡ್ಡಮ್ಮ. ಗ್ಯಾಸ್ ಉಳಿತ್ತ್" ಎಂದಳು. ಆಮೇಲೆ ಬೈರಾಸು ಬಿಚ್ಚಿದಾಗ ಹಬೆಯೂ ಬೆಚ್ಚಗಾದ ಹತ್ತಿಬಟ್ಟೆಯೂ ಸೇರಿದ ಒಂದು ವಾಸನೆ ಬಂತು... ಆ ವಾಸನೆಯ ಹಿಂದೆಯೇ ಗುಲ್ವಾಡಿಯ ಆಚೆಮನೆ ಚಿಕ್ಕಿ ಬಂದು ನಿಂತಳು.

ನಾನು ಮದುವೆಯಾಗಿ ಗುಲ್ವಾಡಿಗೆ ಬಂದಾಗ ಬೇಲಿಯಾಚೆಗೆ ಅವಳ ಮನೆ. ರಕ್ತಸಂಬಂಧ ಏನೂ ಇರಲಿಲ್ಲ, ಕೇರಿಗೆಲ್ಲ ಚಿಕ್ಕಿ. ಗಂಡ ಮುಂಬೈಯಲ್ಲಿ ಹೋಟೆಲಿನ ಅಡುಗೆಯವನಾಗಿದ್ದು ಅಲ್ಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಉದ್ದನೆಯ ಹಂಚಿನ ಮನೆಯ ಒಂದು ಪಾಲು ಅವಳದು, ಇನ್ನೊಂದು ಅವಳ ಬಾವನದು, ಎಂದರೆ ಗಂಡನ ಅಣ್ಣನದು. ಒಂಟಿ ಹೆಂಗಸು ತೌರಾದ ಕೆರಾಡಿಗೆ ಹೋಗುವುದೇ ಮರ್ಯಾದೆ ಎಂದು ಆ ಬಾವ ಊರೆಲ್ಲ ಹೇಳಿಕೊಂಡು ತಿರುಗಿದ. ಅವಳು ಹೋಗಲಿಲ್ಲ.

ಆಗ ಅವನು ಅವಳ ಒಲೆಗೆ ಕೈಹಾಕಿದ. ಮನೆಯ ನಡುವೆ ಗೋಡೆ ಎದ್ದ ದಿನವೇ ಗ್ಯಾಸಿನ ಒಲೆಯನ್ನೂ ಸಿಲಿಂಡರನ್ನೂ ತನ್ನ ಕಡೆಗೆ ಹೊತ್ತುಕೊಂಡು ಹೋದ. ಸೌದೆ ಸಿಗುತ್ತಿದ್ದ ಹಿಂದಿನ ಮರಗಳ ಹಾಡಿ ಅವನ ಪಾಲಿಗೆ ಬಂದಿತ್ತು. ಅದಕ್ಕೆ ಮುಳ್ಳಿನ ಬೇಲಿ ಕಟ್ಟಿಸಿ, ಒಣಗಿದ ಎಲೆಯನ್ನೂ ಅವಳು ಗುಡಿಸಿಕೊಂಡು ಹೋಗಬಾರದು ಎಂದ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೆಂಕಿ ಬೇಕು ಎನ್ನುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅವನು ಅಂಗಡಿಯಲ್ಲಿ ಕುಳಿತು ಆಡಿದ ಮಾತನ್ನು ನನ್ನ ಗಂಡ ಕೇಳಿಸಿಕೊಂಡು ಬಂದಿದ್ದರು. "ಸೌದಿ ಇಲ್ದೆ ಕುಚ್ಲಕ್ಕಿ ಬೇಯತ್ತಾ? ಹೊಟ್ಟಿ ಹಸ್ದ್ರೆ ತಾನಾಗೇ ಕೆರಾಡಿ ಬಸ್ ಹತ್ತತ್ತ್, ಕಾಂಬ."

ಆಮೇಲೆ ದಿನವೂ ಎಲೆಯಡಿಕೆ ಜಗಿಯುತ್ತ ಅಂಗಳಕ್ಕೆ ಬಂದು, ಕತ್ತೆತ್ತಿ ಅವಳ ಪಾಲಿನ ಮಾಡನ್ನು ನೋಡುತ್ತಿದ್ದ. ಹಂಚಿನ ಸಂದಿಯಲ್ಲಿ ಹೊಗೆ ಏಳುತ್ತಿರಲಿಲ್ಲ. ಅವನ ಮುಖದಲ್ಲಿ ನಗು ಏಳುತ್ತಿತ್ತು... ಆ ನಗು ನನಗೆ ಈಗಲೂ ಕಾಣುತ್ತದೆ.

ಚಿಕ್ಕಿ ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಒಮ್ಮೆ ನಮ್ಮಲ್ಲಿಗೆ ಬಂದು ಒಂದು ಹೊರೆ ಬೈಹುಲ್ಲು ಕೇಳಿದಳು. ದನವಿಲ್ಲದವಳಿಗೆ ಹುಲ್ಲು ಏಕೆಂದು ಯೋಚಿಸುತ್ತಲೇ ಕೊಟ್ಟೆ. ಅವಳು ಉಪವಾಸವಿದ್ದಾಳೆ ಎಂದೇ ನಂಬಿದ್ದ ನಾನು ಒಂದು ಸಂಜೆ ಸೆರಗಿನಡಿ ಅನ್ನ, ಸಾರು ಮುಚ್ಚಿಕೊಂಡು ಹೋದೆ.

ಅವಳು ಗೊಳ್ಳನೆ ನಕ್ಕಳು. "ಬಾ ಹೆಣ್ಣೇ, ಕಾಣ್" ಎಂದು ಕೋಣೆಯ ಮೂಲೆಯ ತಗಡಿನ ಟ್ರಂಕನ್ನು ತೆರೆದಳು. ಗಂಡ ಮುಂಬೈಗೆ ಒಯ್ಯುತ್ತಿದ್ದ ಟ್ರಂಕು ಅದು. ಅದರ ತುಂಬ ನಮ್ಮ ಹುಲ್ಲು, ನಡುವೆ ಹಳೆಯ ಸೀರೆಗಳಲ್ಲಿ ಸುತ್ತಿದ ಪಾತ್ರೆ. ಮುಚ್ಚಳ ತೆಗೆದರೆ ಹಬೆಯಾಡುವ ಅನ್ನ, ಒಂದೊಂದು ಅಗುಳೂ ಅರಳಿತ್ತು. ರಾತ್ರಿ ಅಕ್ಕಿ ನೆನೆಸಿಡುವುದು, ಬೆಳಕು ಹರಿಯುವ ಮೊದಲೇ ಅಂಗಳದ ಎರಡು ತೆಂಗಿನಮರದ ಕರಟ ಉರಿಸಿ ಒಂದು ಕುದಿ ಬರಿಸುವುದು, ಹಾಗೆಯೇ ಹುಲ್ಲಿನಲ್ಲಿ ಹುಗಿದು ಕೆಲಸಕ್ಕೆ ಹೋಗುವುದು. ಬಾವ ಎದ್ದು ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು.

"ಚಿಕ್ಕಿ, ಇದ್ನ್ ಎಲ್ಲಿ ಕಲ್ತದ್ದ್?"

"ಕಲೂಕೆ ಎಂತ ಇತ್ತ್? ತೌರ್ಮನೇಲಿ ಬಾಳಂತಿಗೆ ಬಿಸಿನೀರಿನ ಪಾತ್ರಿ ಹುಲ್ಲಗ್ ಹುಗ್ದ್ ಇಡ್ತಿದ್ರ್. ನೀರ್ ಬಿಸಿ ನಿಂತ್ರೆ ಅಕ್ಕಿ ಬೇಯ್ದೆ ಎಲ್ಲಿಗ್ ಹೋತ್ತ್?"

"ಹಂಗಾರೆ ನಿಮ್ಮ್ ಬಾವಂಗೆ ಹೇಳುವ. ನೀವ್ ಉಪಾಸ ಇಲ್ಲೆ ಅಂತ ಗೊತ್ತಾಯ್ಲಿ."

ಅವಳ ಮುಖ ಒಮ್ಮೆಲೇ ಗಟ್ಟಿಯಾಯಿತು. "ಹೇಳ್ಬೇಡ. ದಿನಾ ಬಂದ್ ಮಾಡ್ ಕಾಣ್ಲಿ. ಕುತ್ತಿಗಿ ನೋಯ್ಲಿ ಅವಂಗೆ."

ಅದು ಬರೀ ಮಾತಾಗಿರಲಿಲ್ಲ. ಬೆಳಿಗ್ಗೆ ಎಣ್ಣೆ ಹಾಕಿ ತಲೆ ಬಾಚಿ, ಗಂಡ ಸತ್ತವಳಿಗೆ ಹೂವೇ ಎಂಬ ಮಾತಿಗೆ ಕಿವಿಗೊಡದೆ ಮಲ್ಲಿಗೆ ಮುಡಿದು, ಬೇಕೆಂದೇ ಅವನ ಅಂಗಳದ ಬದಿಯಲ್ಲಿ ನಡೆದುಹೋಗುತ್ತಿದ್ದಳು. "ಊಟ ಆಯ್ತಾ?" ಎಂದು ಅವನು ಕುಹಕದಿಂದ ಕೇಳಿದರೆ, "ಆಯ್ತ್ ಬಾವ, ನಿಮ್ದ್?" ಎನ್ನುವಳು. ದಿನ ಕಳೆದಂತೆ ಅವನ ನಗು ಸಣ್ಣದಾಯಿತು. ಬೆಂಕಿಯಿಲ್ಲದ ಮನೆಯಲ್ಲಿ ಹೆಂಗಸು ತುಂಬಿಕೊಳ್ಳುತ್ತಿದ್ದಾಳೆ, ಹೇಗೆ ಎಂದು ತಿಳಿಯದೆ ಅವನು ಒಣಗಿದ.

ಆಮೇಲೊಂದು ಮಳೆಗಾಲದಲ್ಲಿ ಹೊಳೆ ಉಕ್ಕಿ ನೆರೆ ಅಂಗಳಕ್ಕೆ ಬಂತು. ಅವನ ಸೌದೆಕೊಟ್ಟಿಗೆ ಮುಳುಗಿತು, ಸಿಲಿಂಡರ್ ಖಾಲಿಯಾಗಿತ್ತು, ಹೊಸದು ತರಲು ದಾರಿಯಿಲ್ಲ. ನಮ್ಮ ಮನೆಯದೂ ಅದೇ ಕಥೆ. ಚಿಕ್ಕಿಯ ಕರಟಗಳು ಮಾತ್ರ ಅಟ್ಟದಲ್ಲಿ ಒಣಗಿ ಕುಳಿತಿದ್ದವು. ಅವಳು ದೊಡ್ಡ ಪಾತ್ರೆಯಲ್ಲಿ ಅಕ್ಕಿ ಕುದಿಸಿ ಟ್ರಂಕಿಗೆ ಇಳಿಸಿದಳು. ನಮ್ಮನ್ನು ಕರೆದಳು. ಬಾವನ ಹೆಂಡತಿಯನ್ನೂ, ಮಗು ಎತ್ತಿಕೊಂಡ ಸೊಸೆಯನ್ನೂ ಕೂಗಿ ಕರೆದು ಗಂಜಿ ಬಡಿಸಿದಳು. "ಅವ್ರಿಗೂ ಒಂದ್ ಚೂರ್..." ಎಂದು ಬಾವನ ಹೆಂಡತಿ ತಟ್ಟೆ ಚಾಚಿದಾಗ ಚಿಕ್ಕಿ ಸೌಟು ಕೆಳಗಿಟ್ಟಳು.

"ಬೇಕಾರೆ ಅವ್ರೇ ಬರ್ಲಿ."

ಮರುದಿನ ಮಧ್ಯಾಹ್ನ ಅವನು ಬಂದ. ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಒಳಗೆ ಬರಲಾರದೆ ಹೊಳೆಯ ಕಡೆ ನೋಡುತ್ತಿದ್ದ. ಚಿಕ್ಕಿ ಬಾಗಿಲಿಗೆ ಬಂದಳು.

"ಎಂತ ಬಾವ? ಹೊಗಿ ಕಾಂಬುಕ್ ಬಂದದ್ದಾ? ಇವತ್ತೂ ಇಲ್ಲೆ. ಬನಿ, ಕೂಕಣಿ."

ನಮ್ಮೆಲ್ಲರ ಎದುರು ಟ್ರಂಕು ತೆರೆದು, ಪದರ ಪದರವಾಗಿ ಹುಲ್ಲು ಸರಿಸಿ, ಸೀರೆ ಬಿಚ್ಚಿ, ನಿಧಾನವಾಗಿ ತೋರಿಸಿದಳು. ಅವನಿಗೆ ಅರ್ಥವಾಗುವವರೆಗೂ ಬಡಿಸಲಿಲ್ಲ. ಅರ್ಥವಾದದ್ದು ಅವನ ಕಿವಿ ಕೆಂಪಾದಾಗ ನಮಗೆ ತಿಳಿಯಿತು. ಅವನು ತಲೆ ಎತ್ತದೆ ಉಂಡ. ಸಾಕು ಎಂದರೂ ಅವಳು ಇನ್ನೊಂದು ಸೌಟು ಹಾಕಿದಳು. ಅದನ್ನೂ ಉಂಡ.

ನೀರಿಳಿದ ಮೇಲೆ ಅವನು ಒಂದು ಹೊರೆ ಸೌದೆ ಕಳಿಸಿದ. ಅವಳು ಮುಟ್ಟಲಿಲ್ಲ. ಅಂಗಳದಲ್ಲೇ ಬಿದ್ದು ಅದಕ್ಕೆ ಒರಲೆ ಹಿಡಿಯಿತು. ಪಾಪ, ಇನ್ನು ಬಿಟ್ಟುಬಿಡಿ ಎಂದು ನಾನು ಒಮ್ಮೆ ಹೇಳಿದ್ದೆ. "ನನ್ ಹೊಟ್ಟಿ ಉರಿಗೆ ಸೌದಿ ಬೇಡ ಹೆಣ್ಣೇ" ಎಂದಳು.

ಅವನು ಸತ್ತಾಗಲೂ ಅವಳು ಗೋಡೆ ದಾಟಿ ಹೋಗಲಿಲ್ಲ. ಆದರೆ ಆಮೇಲೆ ಏನೋ ಆಯಿತು... ಕೆಲಸ ಬಿಟ್ಟಳು. ಮಲ್ಲಿಗೆ ಮುಡಿಯುವುದನ್ನೂ ಬಿಟ್ಟಳು. ಟ್ರಂಕಿನಲ್ಲಿಟ್ಟ ಅನ್ನ ಎಷ್ಟೋ ಸಲ ಅಲ್ಲೇ ಹಳಸುತ್ತಿತ್ತು. ಯಾರ ಎದುರು ಉಣ್ಣಬೇಕೆಂದು ಹಟ ಹಿಡಿದಿದ್ದಳೋ ಅವನೇ ಇರಲಿಲ್ಲ. ಕೊನೆಗೆ ತಮ್ಮ ಬಂದು ಕೆರಾಡಿಗೆ ಕರೆದುಕೊಂಡು ಹೋದ. ಅಲ್ಲೇ ತೀರಿಕೊಂಡಳು. ಅವಳ ಪಾಲು ಹೇಗೋ ಬಾವನ ಮಕ್ಕಳ ಕೈಗೇ ಹೋಯಿತು.

ಮೊನ್ನೆ ಭಾನುವಾರ ಅದೇ ಜಾಗದಲ್ಲಿ ಬಾವನ ಮೊಮ್ಮಗನ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರಿಗೆ ಆ ಹುಡುಗ ಹೇಳುತ್ತಿದ್ದ: "ಇಲ್ಲ್ ನಮ್ ಅಜ್ಜಯ್ಯನ ತಮ್ಮನ್ ಹೆಂಡ್ತಿ ಇದ್ರಂಬ್ರ್. ಗಂಡ ಇಲ್ಲ, ಮಕ್ಕಳಿಲ್ಲ. ಅಜ್ಜಯ್ಯನೇ ಕಡೇವರೆಗೂ ಸಾಕಿದ್ದಂಬ್ರ್."

ನಾನು ಕೈಯ ತುತ್ತನ್ನು ಎಲೆಗೇ ಹಾಕಿ ಅವನ ಕಡೆ ತಿರುಗಿದೆ.

"ಸಾಕಿದ್ದಾ? ಉಪಾಸ ಬಿದ್ದ್ ಓಡ್ಲಿ ಅಂತ ಸೌದಿ ನಿಲ್ಸಿದ್ದ್ ನಿನ್ನ್ ಅಜ್ಜಯ್ಯ. ನೆರೆ ಬಂದಾಗ ಅವ್ರಿಗೇ ಗಂಜಿ ಹಾಕದ್ದ್ ಚಿಕ್ಕಿ. ನಿನ್ನ್ ಅಮ್ಮನ್ ಹತ್ರ ಕೇಳ್, ನಿನ್ನ್ ಎತ್ಕಂಡೇ ಬಂದ್ ಉಂಡದ್ದ್ ಅದ್."

ಹುಡುಗ ತಾಯಿಯ ಮುಖ ನೋಡಿದ. ಅಂದು ಮಗು ಎತ್ತಿಕೊಂಡು ಬಂದಿದ್ದ ಆ ಸೊಸೆ ಈಗ ರೇಷ್ಮೆ ಸೀರೆ ಉಟ್ಟು ಬಡಿಸುತ್ತಿದ್ದಳು. "ಹಳೇ ಸುದ್ದಿ ಈಗ ಎಂತಕೆ? ಪಾಯ್ಸ ತತ್ತೆ" ಎಂದು ಒಳಗೆ ಹೋದಳು. ಹೌದು ಎನ್ನಬೇಕಾದವಳು ಕೆರಾಡಿಯಲ್ಲಿ ಮಣ್ಣಾಗಿದ್ದಾಳೆ. ಕಂಡವರಲ್ಲಿ ಬಾಯಿಬಿಡುವವಳು ನಾನೊಬ್ಬಳೇ.

ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದೆ.