ಗೆರ್ಡಿ ಕೊಯ್ದ ಕೊನೆಯ ಹೋಳು

ಗೆರ್ಡಿ ಹಾಬೆಟ್ಸ್ ಅಪ್ಪನ ಮಾಂಸದಂಗಡಿಯಲ್ಲಿ ಕೊಯ್ಯುತ್ತ ಬೆಳೆದವರು. ಮಾಸ್ಟ್ರಿಕ್ಟ್‌ನ ನಮ್ಮ ಲ್ಯಾಬಿಗೆ ಬಂದು ಇಪ್ಪತ್ತಾರು ವರ್ಷ, ಇಲ್ಲೂ ಕೊಯ್ಯುವುದೇ ಕೆಲಸ. ಹೆಪ್ಪುಗಟ್ಟಿಸಿದ ಅಂಗಾಂಶವನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂರಿಸುತ್ತಾರೆ. ನಾನು ನಡೆಸುವ ಯಂತ್ರ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಲೇಸರ್ ಹಾಯಿಸಿ, ಎದ್ದ ಅಣುಗಳನ್ನು ತೂಗಿ, ಯಾವುದು ಎಲ್ಲಿದೆಯೆಂದು ಬಣ್ಣದ ನಕ್ಷೆ ಬರೆಯುತ್ತದೆ. ಹೊಗಳಿಕೆಯೆಲ್ಲ ಯಂತ್ರಕ್ಕೆ. ಅದರಲ್ಲಿ ನನಗೂ ಪಾಲಿತ್ತು, ಜಂಬವೂ ಇತ್ತು.

ಫೆಬ್ರವರಿಯ ಒಂದು ಮಂಗಳವಾರ ಸರ್ಜನ್ ರೂಲೋಫ್ ಓಡಿಬಂದರು. ಶುಕ್ರವಾರದ ಸಂತೆಯಲ್ಲಿ ಪುರಭವನದ ಮುಂದೆ ಕೂಗಿ ಕೂಗಿ ಮೀನು ಮಾರುವವನ ನಾಲಿಗೆಯಿಂದ ಅವರು ಗಡ್ಡೆ ತೆಗೆದಿದ್ದರು. ತೆಗೆದ ತುಂಡಿನ ಅಂಚಿನವರೆಗೂ ಗಡ್ಡೆಯ ಕೊಬ್ಬು ಕಂಡರೆ ಮರುದಿನ ಇನ್ನಷ್ಟು ನಾಲಿಗೆ ಕತ್ತರಿಸಬೇಕು. ಆಮೇಲೆ ಕೂಗುವುದಿರಲಿ, ಅವನಿಗೆ ಮಾತೇ ಕಷ್ಟ.

ಗೆರ್ಡಿ ಕೊಯ್ದುಕೊಟ್ಟ ಹೋಳಿನ ನಕ್ಷೆಯಲ್ಲಿ ಅಂಚು ಕೆಂಪಗೆ ಉರಿಯುತ್ತಿತ್ತು, ಗಡ್ಡೆಯ ಕೊಬ್ಬಿನ ಬಣ್ಣ.

“ಅಂಚಲ್ಲೂ ಇದೆ ಡಾಕ್ಟ್ರೇ,” ಎಂದೆ.

ಗೆರ್ಡಿ ಬಗ್ಗಿ ನೋಡಿ, ನನ್ನ ಹೆಸರು ಹಿಡಿದು ಕರೆದರು. “ಇಲ್ಸ, ಅಂಗಾಂಶ ಇಲ್ಲಿಗೆ ಮುಗೀತು. ಕೆಂಪು ಇನ್ನೂ ಆಚೆ ಹೋಗಿದೆ. ಗಾಜಿಗೂ ಕ್ಯಾನ್ಸರ್ ಬಂದಿದ್ಯೇನೇ?”

ನಕ್ಷೆಯನ್ನು ಹಿಗ್ಗಿಸಿ ನೋಡಿದೆ. ಹೌದು, ಬರಿ ಗಾಜಿನ ಮೇಲೂ ಕೆಂಪಿತ್ತು.

“ಕೈ ಕೊಡಿಲ್ಲಿ.” ಗೆರ್ಡಿ ಮೂಸಿದರು. “ಕ್ರೀಮು! ಗ್ಲೌಸ್ ಇಲ್ದೆ ಗಾಜು ಮುಟ್ಟಿದೀಯ, ಮಹರಾಯ್ತಿ.”

ಚಳಿಗೆ ಕೈ ಒಡೆದಿತ್ತು. ಒಂದೇ ಒಂದು ಸಲ ಬರಿಗೈಯಲ್ಲಿ ಗಾಜನ್ನು ಸರಿಯಾಗಿ ಕೂರಿಸಿದ್ದೆ. ಕ್ರೀಮಿನ ಕೊಬ್ಬೂ ನಾವು ಹುಡುಕುತ್ತಿದ್ದ ತೂಕದಲ್ಲೇ ಬಂದು ಕೂತಿತ್ತು. ಹನ್ನೊಂದು ವರ್ಷ ಕೆಲಸ ಮಾಡಿದವಳು ನಾನು! ನಾಚಿಕೆಯಿಂದ ಹಿಡಿಯಾಗಿ ಹೋದೆ.

“ತುಂಡು ಉಳಿದಿದ್ಯಾ?” ಡಾಕ್ಟರ್ ಕೇಳಿದರು.

“ಒಂದು ಹೋಳಿಗಾಗುತ್ತೆ.”

“ಅದೂ ಹರಿದುಹೋದ್ರೆ?”

“ನಾನು ಕೊಯ್ದಿದ್ದು ಹರಿಯಲ್ಲ ಡಾಕ್ಟ್ರೇ. ನೀವು ಕಾಫಿ ಕುಡ್ಕೊಂಡು ಬನ್ನಿ.”

ಕೊಯ್ಯುವಾಗ ತುಂಡು ಅಲುಗದಂತೆ ಅಂಟು ಬಳಸಿದರೆ ಅದೂ ನಕ್ಷೆಯಲ್ಲಿ ಮೂಡುತ್ತದೆ. ಹಾಗಾಗಿ ಗೆರ್ಡಿ ಒಂದು ಹನಿ ನೀರನ್ನು ಹೆಪ್ಪುಗಟ್ಟಿಸಿ ತುಂಡನ್ನು ಅದರಲ್ಲೇ ನಿಲ್ಲಿಸಿದರು. ಬ್ಲೇಡು ಒಮ್ಮೆ ಹಾದುಹೋಯಿತು. ಸುರುಳಿಯಾಗಲು ಹೊರಟ ಹೋಳನ್ನು ಕುಂಚದ ತುದಿಯಲ್ಲಿ ಬಿಡಿಸಿ ಗಾಜಿನ ಮೇಲೆ ಮಲಗಿಸಿದರು.

ಬೇರೆ ಯಾರನ್ನಾದರೂ ಕರೆಯುತ್ತಾರೆಂದುಕೊಂಡು ನಾನು ಬಾಗಿಲಲ್ಲೇ ನಿಂತಿದ್ದೆ.

“ಏನ್ ನೋಡ್ತಿದೀಯ? ಕೈ ತೊಳ್ಕೊಂಡು ಬಾ. ಯಂತ್ರ ನೀನೇ ನಡೆಸ್ಬೇಕು.”

ಈ ಸಲ ಅಂಚು ಪೂರ್ತಿ ಕಪ್ಪು. ಕೆಂಪು ಒಳಗೇ ನಿಂತಿತ್ತು. ಡಾಕ್ಟರ್ ಮರುದಿನದ ಆಪರೇಷನ್ ರದ್ದು ಮಾಡಿದರು.

ಏಪ್ರಿಲ್‌ನ ಒಂದು ಶುಕ್ರವಾರ ಇಬ್ಬರೂ ಸಂತೆಗೆ ಹೋದೆವು. ಪುರಭವನದ ಮುಂದಿನ ಅಂಗಡಿಯಲ್ಲಿ, ತಾಜಾ ಇದೆಯೇ ಎಂದು ಮೀನಿಗೆ ಬೆರಳು ತಾಗಿಸಿದೆ.

“ಏಯ್! ಬರಿಗೈಲಿ ಮುಟ್ಬೇಡಮ್ಮ!”

ಮಾತು ತುಸು ತೊದಲುತ್ತಿತ್ತು, ದನಿ ಮಾತ್ರ ಇಡೀ ಸಂತೆಗೆ ಕೇಳಿಸಿತು. ಗೆರ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಕಣ್ಣು ತುಂಬಿ ಬಂತು. ಅವನು ಇನ್ನಷ್ಟು ಬೈಯಲಿ ಎಂದು ಅಲ್ಲೇ ನಿಂತೆ.