ಹೆಸರಿಲ್ಲದ ಹೇಳಿಕೆ ಹಾಕದ ನೀಲಮ್ಮ ಮೇಡಂ

ಸರ್ಕಾರಿ ಪ್ರಕಟಣೆ ಬಂತೆಂದರೆ ನೀಲಮ್ಮ ಮೇಡಂ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಆಯಾ ಸಾಹೇಬರ ಗತ್ತಿನಲ್ಲೇ ಗಟ್ಟಿಯಾಗಿ ಓದುತ್ತಿದ್ದರು. ರಾಯಚೂರಿನ ನಮ್ಮ ಸಣ್ಣ ಪತ್ರಿಕೆಯಲ್ಲಿ ಜಿಲ್ಲಾ ಪುಟ ಅವರದು. ಎದುರು ಮೇಜಿನ ಉಪಸಂಪಾದಕಿ ನಾನು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರೂ ಅವರು ನಗುತ್ತಿರಲಿಲ್ಲ.

"ಅಧಿಕಾರಿಗಳು ತಿಳಿಸಿದ್ದಾರಂತ! ಯಾವ ಅಧಿಕಾರಿ? ಅವ್ರಿಗೆ ಅಪ್ಪ ಅವ್ವ ಹೆಸರಿಟ್ಟಿಲ್ಲೇನು?" ಎನ್ನುತ್ತಲೇ ಫೋನಿಗೆ ಕೈ ಹಾಕುತ್ತಿದ್ದರು. ಹೇಳಿದವರ ಹೆಸರು ಬೇಕು, ಅದು ಅವರಿಗೆ ಹೇಗೆ ಗೊತ್ತಾಯಿತೆಂದು ಬೇಕು, ಯಾವ ಊರಿನ ಸುದ್ದಿಯೋ ಆ ಊರಿನ ಒಬ್ಬರ ಮಾತೂ ಬೇಕು. ಸಿರವಾರದ ನಮ್ಮ ವರದಿಗಾರ ರೇಗುತ್ತಿದ್ದ. "ಸಾಹೇಬ್ರು ಹೇಳಿದ ಮ್ಯಾಲೆ ಮುಗೀತಲ್ರಿ ಮೇಡಂ!"

"ಸಾಹೇಬ್ರದು ಮುಗೀತಪಾ. ನಮ್ಮದು ಈಗ ಶುರು."

ಒಮ್ಮೆ ದೇವದುರ್ಗದ ಕಡೆಯ ಊರೊಂದರಲ್ಲಿ ಟ್ಯಾಂಕಿನ ನೀರು ಕುಡಿದವರಿಗೆ ವಾಂತಿಭೇದಿ ಹತ್ತಿಕೊಂಡಿತು. ಮಧ್ಯಾಹ್ನವೇ ವಾಟ್ಸಾಪಿಗೆ ಪ್ರಕಟಣೆ ಬಂತು: ನೀರು ಕುಡಿಯಲು ಯೋಗ್ಯವಾಗಿದೆ ಎಂದು ಅಧಿಕಾರಿಗಳು ತಿಳಿಸಿದ್ದಾರೆ. ಉಳಿದ ಪತ್ರಿಕೆಗಳು ಅದನ್ನು ಹಾಗೆಯೇ ಎತ್ತಿಕೊಂಡವು. ಮೇಡಂ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಹಚ್ಚಿದರು. ಆಕೆ ಅಳುತ್ತಿದ್ದಳು. "ಯವ್ವಾ, ನೀರು ಚಲೋ ಅದ ಅಂತ ಡಂಗುರ ಹೊಡಿಸ್ಯಾರ. ಮಂದಿ ಮತ್ತ ಅದನ್ನೇ ತುಂಬಾಕತ್ತಾರ!"

ಮೇಡಂ ತಕ್ಷಣ ಆ ಪ್ರಕಟಣೆ ಕೊಟ್ಟ ಅಧಿಕಾರಿ ಯಾರೆಂದು ಪತ್ತೆಹಚ್ಚಿ ಫೋನಿನಲ್ಲಿ ಹಿಡಿದರು.

"ನೀರಿನ ಪರೀಕ್ಷೆ ವರದಿ ಬಂತೇನ್ರಿ ಸಾಹೇಬ್ರ?"

"ಇನ್ನಾ ಇಲ್ರಿ. ಅದನ್ನ ಬರೀಬ್ಯಾಡ್ರಿ. ನನ್ನ ಹೆಸರಂತೂ ಬ್ಯಾಡೇ ಬ್ಯಾಡ."

"ಊರಿಗೆ ಊರೇ ಕುಡೀರಿ ಅಂದೋರು ನೀವು. ಹೆಸರು ಹಾಕ್ತೀನ್ರಿ."

ಹಾಕಿಯೇ ಹಾಕಿದರು. ವರದಿ ಬರುವ ಮೊದಲೇ ನೀರು ಯೋಗ್ಯವೆಂದ ಅಧಿಕಾರಿ ಎಂಬ ತಲೆಬರಹ, ಕೆಳಗೆ ಅವರ ಹೆಸರು, ಹುದ್ದೆ. ಅಚ್ಚಿನ ತನಕ ಕಾಯದೆ ಸುದ್ದಿಯನ್ನು ವಾಟ್ಸಾಪಿನಲ್ಲೇ ಹರಿಬಿಟ್ಟರು. ಹೊತ್ತು ಮುಳುಗುವುದರೊಳಗೆ ಟ್ಯಾಂಕಿನ ನಲ್ಲಿಗಳು ಬಂದಾದವು, ಊರಿಗೆ ಟ್ಯಾಂಕರ್ ಬಂತು. ಆಮೇಲೆ ಪರೀಕ್ಷೆಯ ವರದಿಯೂ ನೀರು ಕೆಟ್ಟಿದೆ ಎಂದೇ ಹೇಳಿತು. ಅವತ್ತು ನನಗೆ ನನ್ನ ಕೆಲಸದ ಮೇಲೆ ಎಂಥ ಅಭಿಮಾನ ಬಂದಿತ್ತು!

ಹೋದ ವರ್ಷ ಮಾನ್ವಿಯ ಮಗಳ ಮನೆಯಲ್ಲಿ ಮೇಡಂ ತೀರಿಕೊಂಡರು. ಮಣ್ಣಿಗೆ ಆ ಅಧಿಕಾರಿಯೂ ಬಂದಿದ್ದರು. ನಿವೃತ್ತರಾಗಿ ಸೊರಗಿಹೋಗಿದ್ದರು. ಪತ್ರಿಕೆಗೆ ಅವರದೊಂದು ಮಾತು ಕೇಳಿದೆ.

"ಅವತ್ತು ಮೇಡಂ ನನ್ನ ಮಾತು ನಂಬಿದ್ರ ಆ ಊರಾಗ ಹೆಣ ಬೀಳತಿದ್ವು. ಬರ್ಕೋರಿ. ಬರೇ ಅಧಿಕಾರಿ ಅನಬ್ಯಾಡ್ರಿ, ನನ್ನ ಹೆಸರು ಹಾಕ್ರಿ."